ಡಂಪ್ ತೋರಿಸುವಾಗ ಹೆಕ್ಸ್ ತೆಗೆದುಬಿಡಲಾ?

ಹಸಿರುಪರದೆ:
ಆರು ವರ್ಷದಿಂದ ಮೇನ್‌ಫ್ರೇಮ್ ಮೇಲಿನ ಕೋಬಾಲ್ ಬ್ಯಾಚ್ ಸಪೋರ್ಟ್‌ನಲ್ಲಿದ್ದೇನೆ. ರಾತ್ರಿ ಜಾಬ್ ಬಿದ್ದರೆ ಡಂಪ್ (ಆ ಕ್ಷಣದ ಮೆಮೊರಿಯ ನಕಲು) ತೆರೆಯುವುದು ನಾನೇ. ಡಂಪ್ ಓದುವ ಟೂಲ್ ಐಪಿಸಿಎಸ್‌ನಲ್ಲಿ ಮೆಮೊರಿ ಲಿಸ್ಟ್ ಮಾಡಿದರೆ ಏನು ಬರುತ್ತೆ ಅಂತ ಗೊತ್ತಲ್ಲ: ಎಡಕ್ಕೆ ಅಡ್ರೆಸ್, ನಡುವೆ ಹೆಕ್ಸ್ (ಬೈಟ್‌ಗಳು 16ರ ಲೆಕ್ಕದಲ್ಲಿ), ಬಲಕ್ಕೆ ಎಬ್ಸಿಡಿಕ್ (ಮೇನ್‌ಫ್ರೇಮ್‌ನ ಅಕ್ಷರ ಸಂಕೇತ) ಅಕ್ಷರ. ಹೆಸರು, ವಿಳಾಸ ಇದ್ದರೆ ಬಲಗಡೆಯೇ ಓದಿಕೊಳ್ಳಬಹುದು. ಕಾಂಪ್-3 (ಪ್ಯಾಕ್ಡ್, ಅಂದರೆ ಬೈಟ್‌ಗೆ ಎರಡು ಅಂಕಿ ತುಂಬಿದ) ಫೀಲ್ಡ್ ಬಂತೋ, ಅಲ್ಲಿ ಹೆಚ್ಚಿನಂಶ ಚುಕ್ಕಿಗಳೇ.

ಹೊಸಬರಿಗೆ ಇದನ್ನು ಓದೋದು ಕಲಿಸಿ ಸಾಕಾಗಿದೆ. ಮೊನ್ನೆ ಒಬ್ಬರು ‘12ಇ’ ಅಂತ ಕಂಡದ್ದಕ್ಕೆ ಡೇಟಾ ಕೆಟ್ಟಿದೆ ಅಂತ ಟಿಕೆಟ್ ಹಾಕಿದರು. ಅದು ಸರಿಯಾಗೇ ಇರುವ ಪ್ಲಸ್ 125. ಅದು ಪ್ಯಾಕ್ಡ್ ಅಲ್ಲ, ಝೋನ್ಡ್ ಫೀಲ್ಡ್ (ಬೈಟ್‌ಗೆ ಒಂದೇ ಅಂಕಿ); ಅದರಲ್ಲಿ ಸೈನ್ (ಪ್ಲಸ್/ಮೈನಸ್ ಗುರುತು) ಕೊನೆಯ ಬೈಟ್‌ನ ಮೊದಲರ್ಧದಲ್ಲಿ ಕೂತಿರುತ್ತೆ, ಅದಕ್ಕೇ 5 ಹೋಗಿ ಇ ಕಾಣುತ್ತೆ. ಮೈನಸ್ ಆಗಿದ್ದರೆ ‘12ಎನ್’ ಅಂತ ಕಾಣುತ್ತಿತ್ತು.

ಅದಕ್ಕೆ ರೆಕ್ಸ್ ಸ್ಕ್ರಿಪ್ಟ್ ಭಾಷೆಯಲ್ಲಿ ಒಂದು ಸಣ್ಣ ಎಕ್ಸೆಕ್ (ಪ್ರೋಗ್ರಾಂ) ಬರೆಯುತ್ತಿದ್ದೇನೆ. ಫೀಲ್ಡ್ ಹೆಸರು, ಮುಂದೆ ವ್ಯಾಲ್ಯೂ, ಅಷ್ಟೇ. ಹೆಕ್ಸ್ ಪೂರ್ತಿ ತೆಗೆದುಬಿಡೋಣ ಅಂತಿದ್ದೇನೆ. ಯಾರಾದರೂ ಹೀಗೆ ಮಾಡಿದ್ದೀರಾ?

ಆಫ್‌ಸೆಟ್_ಸೊನ್ನೆ:
ಹೆಕ್ಸ್ ವಿಷಯ ಆಮೇಲೆ. ಮೊದಲು ಆ ಅಡ್ರೆಸ್ ಕಾಲಂ ಪಕ್ಕದಲ್ಲಿ ರೆಕಾರ್ಡ್ ಶುರುವಿನಿಂದ ಎಷ್ಟು ದೂರ ಅನ್ನೋದನ್ನು ಹಾಕಿ. ಕಂಪೈಲ್ ಲಿಸ್ಟಿಂಗ್‌ನ ಡೇಟಾ ಮ್ಯಾಪ್‌ನಲ್ಲಿ ಇರುವುದು ಆಫ್‌ಸೆಟ್. ಡಂಪ್‌ನಲ್ಲಿ ಇರುವುದು ಅಡ್ರೆಸ್. ನಡುವಿನ ಹೆಕ್ಸ್ ಕೂಡಿಕೆಯನ್ನು ರಾತ್ರಿ ಮೂರು ಗಂಟೆಗೆ ಮನುಷ್ಯರ ಕೈಲಿ ಯಾಕೆ ಮಾಡಿಸಬೇಕು?

ಹಳೇ_ಜೆಸಿಎಲ್:
ತೆಗೀಬೇಡಿ. ನಾನು ತೆಗೆದು ಅನುಭವಿಸಿದ್ದೇನೆ.

ನಿಮ್ಮ ಥರಾನೇ ಒಂದು ಚೆಂದದ ಪ್ಯಾನೆಲ್ ಬರೆದಿದ್ದೆ. ಪ್ಯಾಕ್ಡ್ ಫೀಲ್ಡ್ ಬಂದರೆ ಕೊನೆಯ ನಿಬ್ಬಲ್ (ಅರ್ಧ ಬೈಟ್) ಸೈನ್, ಉಳಿದದ್ದು ಅಂಕಿ. ಡಿ ಇದ್ದರೆ ಮೈನಸ್, ಇಲ್ಲದಿದ್ದರೆ ಪ್ಲಸ್. ಈ ‘ಇಲ್ಲದಿದ್ದರೆ’ ಇದೆಯಲ್ಲ, ಅದೇ ನನ್ನ ತಪ್ಪು.

ಒಂದು ರಾತ್ರಿ ಎಸ್0ಸಿ7 (ಅಂಕಿಯ ಫೀಲ್ಡ್‌ನಲ್ಲಿ ಕೆಟ್ಟ ಡೇಟಾ ಇದ್ದಾಗ ಬರುವ ಎರರ್) ಬಂತು. ಪ್ಯಾನೆಲ್ ತೆರೆದೆ. ಮೊತ್ತದ ಫೀಲ್ಡ್, ಪಿಕ್ ಎಸ್9(5)ವಿ99 ಕಾಂಪ್-3 (ಸೈನ್, ಐದು ಅಂಕಿ, ದಶಮಾಂಶದ ನಂತರ ಎರಡು), ನಾಲ್ಕು ಬೈಟ್. ಪರದೆಯ ಮೇಲೆ 40404.04. ನೋಡೋಕೆ ಎಷ್ಟು ಮರ್ಯಾದಸ್ಥ ಮೊತ್ತ, ಅಲ್ವಾ? ಇದು ಸರಿಯಿದೆ ಅಂತ ಮುಂದೆ ಹೋದೆ. ಬೇರೆ ಫೀಲ್ಡ್‌ಗಳನ್ನೆಲ್ಲಾ ಜಾಲಾಡಿದೆ. ಬೆಳಗಿನ ಜಾವ ತಲೆಕೆಟ್ಟು ಕಚ್ಚಾ ಡಂಪ್ ತೆರೆದರೆ ಅದೇ ಜಾಗದಲ್ಲಿ 40404040. ನಾಲ್ಕು ಸ್ಪೇಸ್! (ಎಬ್ಸಿಡಿಕ್‌ನಲ್ಲಿ ಸ್ಪೇಸ್ ಅಂದರೆ ಹೆಕ್ಸ್ 40.) ಮೇಲಿನಿಂದ ಬಂದ ಫೈಲ್‌ನಲ್ಲಿ ಮೊತ್ತ ಖಾಲಿ ಬಂದಿತ್ತು. ಕೊನೆಯ ನಿಬ್ಬಲ್ ಸೊನ್ನೆ, ಅದು ಸೈನೇ ಅಲ್ಲ. ಎ ಇಂದ ಎಫ್ ತನಕ ಮಾತ್ರ ಸೈನ್. ಹಾರ್ಡ್‌ವೇರ್‌ಗೆ ಅದು ಗೊತ್ತಿತ್ತು, ನಿಲ್ಲಿಸಿತು. ನನ್ನ ಪ್ಯಾನೆಲ್‌ಗೆ ಗೊತ್ತಿರಲಿಲ್ಲ, ಸುಮ್ನೆ ಪ್ಲಸ್ ಅಂದುಕೊಂಡಿತು.

ಹೆಕ್ಸ್ ಪಕ್ಕದಲ್ಲೇ ಇದ್ದಿದ್ದರೆ ಒಂದು ಸೆಕೆಂಡಿನ ಕೆಲಸ. 40 ಸಾಲಾಗಿ ಕಂಡರೆ ನಮ್ಮ ಕಣ್ಣೇ ಹಿಡಿಯುತ್ತೆ.

ಇನ್ನೊಂದು: ಪಾಯಿಂಟರ್ (ಬೇರೆ ಜಾಗದ ಅಡ್ರೆಸ್ ಇಟ್ಟುಕೊಂಡ ಫೀಲ್ಡ್) ಮೇಲೆ ಕರ್ಸರ್ ಇಟ್ಟು ಎಂಟರ್ ಒತ್ತಿದರೆ ಆ ಜಾಗಕ್ಕೆ ಹೋಗುವ ಹಾಗೆ ಮಾಡಿದರೆ, 31 ಬಿಟ್ ಅಡ್ರೆಸ್‌ನಲ್ಲಿ ಮೊದಲ ಬಿಟ್ ತೆಗೆಯೋದು ಮರೀಬೇಡಿ. ಪ್ಯಾರಾಮೀಟರ್ ಪಟ್ಟಿಯ ಕೊನೆಯ ಪಾಯಿಂಟರ್‌ನಲ್ಲಿ ಅದು ಆನ್ ಇರುತ್ತೆ. 80012340 ಕಂಡರೂ ಹೋಗಬೇಕಾದದ್ದು 00012340ಕ್ಕೆ. ಆದರೆ ತೋರಿಸುವಾಗ 8 ಹಾಗೇ ಇರಲಿ. ಪಟ್ಟಿ ಎಲ್ಲಿ ಮುಗಿಯುತ್ತೆ ಅಂತ ಅದರಿಂದಲೇ ತಿಳಿಯೋದು.

ಹಸಿರುಪರದೆ:
40404.04 ಓದಿ ಬೆವರು ಬಂತು ಸಾರ್. ನನ್ನ ಕೋಡ್ ತೆಗೆದು ನೋಡಿದೆ, ಅದೇ ‘ಇಲ್ಲದಿದ್ದರೆ’ ನನ್ನಲ್ಲೂ ಇದೆ. ಈಗ ಹೀಗೆ ಮಾಡಿದ್ದೇನೆ:

+018 ಮೊತ್ತ 40404040 ?? ಸೈನ್ ಇಲ್ಲ, ಎಲ್ಲಾ ಸ್ಪೇಸ್
+020 ಬಾಕಿ 0001250ಡಿ -12.50

ತಪ್ಪಿದ್ದರೆ ವ್ಯಾಲ್ಯೂ ಜಾಗದಲ್ಲಿ ಅಂಕಿ ಬರೋದೇ ಇಲ್ಲ. ಹೆಕ್ಸ್ ಯಾವಾಗಲೂ ಇರುತ್ತೆ. ತಪ್ಪಿದ ಸಾಲು ಕೆಂಪು.

ಆಫ್‌ಸೆಟ್_ಸೊನ್ನೆ:
ಆ ಎರಡು ಪ್ರಶ್ನೆ ಚಿಹ್ನೆ ಇರಲಿ, ಬರೀ ಕೆಂಪು ನಂಬಬೇಡಿ. ಕೆಲವರಿಗೆ ಕೆಂಪು ಹಸಿರು ಒಂದೇ ಥರ ಕಾಣುತ್ತೆ. ಪರದೆಯನ್ನು ಟಿಕೆಟ್‌ಗೆ ಟೆಕ್ಸ್ಟ್ ಆಗಿ ಅಂಟಿಸಿದರಂತೂ ಬಣ್ಣವೇ ಬರಲ್ಲ.

ಅಂದಹಾಗೆ ಹೆಕ್ಸ್ ಲೆಕ್ಕದಲ್ಲಿ +018ಕ್ಕೂ +020ಕ್ಕೂ ನಡುವೆ, ಮೊತ್ತದ ನಾಲ್ಕು ಬಿಟ್ಟು, ಇನ್ನೂ ನಾಲ್ಕು ಬೈಟ್ ಇದೆ. ಫಿಲ್ಲರ್ (ಹೆಸರಿಲ್ಲದ ಖಾಲಿ ಜಾಗ) ಅಂತ ಬಿಟ್ಟಿದ್ದೀರಾ? ಅದನ್ನೂ ತೋರಿಸಿ.

ಹಸಿರುಪರದೆ:
ಫಿಲ್ಲರೇ. ಸೇರಿಸಿದೆ. ಸೇರಿಸಿದ ಮೇಲೆ ನೋಡಿದರೆ ಅದರಲ್ಲಿ ಸೊನ್ನೆಯೂ ಇಲ್ಲ, ಸ್ಪೇಸೂ ಇಲ್ಲ, ಯಾವುದೋ ತಾರೀಕು ಕೂತಿದೆ. ನಾಳೆ ಕಾಪಿಬುಕ್ (ರೆಕಾರ್ಡ್‌ನ ಫೀಲ್ಡ್ ವಿವರ ಇರುವ ಫೈಲ್) ಯಾರು ಬದಲಾಯಿಸಿದರು ಅಂತ ಕೇಳಬೇಕು.