ಕುಡಿಯದವರೂ ಮೆಷಿನ್‌ಗೆ ಊದಬೇಕಾ?

ಪ್ರಶ್ನೆ: ವಕೀಲರೇ, ಸುರತ್ಕಲ್‌ನಲ್ಲಿ ಗೆಳೆಯನ ಮದುವೆಗೆ ಮುಂಚಿನ ಮೆಹಂದಿ ಪಾರ್ಟಿ ಮುಗಿಸಿ ರಾತ್ರಿ ಬೈಕಿನಲ್ಲಿ ಮನೆಗೆ ಹೊರಟಿದ್ದೆ. ದಾರಿಯಲ್ಲಿ ಪೊಲೀಸರು ಬ್ಯಾರಿಕೇಡ್ ಇಟ್ಟು ಎಲ್ಲರನ್ನೂ ನಿಲ್ಲಿಸುತ್ತಿದ್ದರು. ನಾನು ಕುಡಿಯುವವನೇ ಅಲ್ಲ. ಆದರೂ ಒಬ್ಬರು ಕೀ ಕಿತ್ತುಕೊಂಡು, ಕುಡಿದದ್ದನ್ನು ಪತ್ತೆಹಚ್ಚುವ ಮೆಷಿನ್ ಹಿಡಿದು ‘ಊದು’ ಅಂದರು. ಸೊನ್ನೆ ಬಂತು, ಬಿಟ್ಟರು. ಹೀಗೆ ಮಾಡಲು ಕಾನೂನಿದೆಯಾ? ಇದೆಲ್ಲ ದುಡ್ಡಿಗಾಗಿ ಅಲ್ವಾ?

ಉತ್ತರ: ನಿಲ್ಲಿಸುವುದು ಬೇರೆ, ಊದಿಸುವುದು ಬೇರೆ. ಸಮವಸ್ತ್ರದಲ್ಲಿರುವ ಪೊಲೀಸರು ಲೈಸನ್ಸ್ ಕೇಳಿದರೆ ತೋರಿಸಲೇಬೇಕು. ಡಿಜಿಲಾಕರ್‌ನಲ್ಲಿದ್ದರೂ ನಡೆಯುತ್ತದೆ. ಊದಿಸಲು ಮಾತ್ರ ಮೋಟಾರು ವಾಹನ ಕಾಯ್ದೆಯ 203ನೇ ಸೆಕ್ಷನ್ ಷರತ್ತು ಹಾಕಿದೆ. ಈತ ಕುಡಿದಿದ್ದಾನೆ ಎಂದು ಅನುಮಾನಿಸಲು ಸರಿಯಾದ ಕಾರಣ ಬೇಕು. ಬಾಯಿಯ ವಾಸನೆ, ತೊದಲು ಮಾತು, ಗಾಡಿ ಅಡ್ಡಾದಿಡ್ಡಿ ಬಂದದ್ದು, ಇಂಥದ್ದೇನಾದರೂ. ಸಾಲಾಗಿ ನಿಲ್ಲಿಸಿ ಎಲ್ಲರಿಗೂ ಊದಿಸಿ ಎಂದು ಅಲ್ಲಿ ಬರೆದಿಲ್ಲ.

ಹಾಗಂತ ರಸ್ತೆಯಲ್ಲಿ ನಿಂತು ಜಗಳಕ್ಕಿಳಿಯಬೇಡಿ ಮಾರಾಯ್ರೆ. ಪೊಲೀಸರಿಗೆ ಅಂಥ ಅನುಮಾನ ಇದ್ದು ನೀವು ಊದದಿದ್ದರೆ ಬಂಧಿಸಬಹುದು, ರಕ್ತ ಪರೀಕ್ಷೆಗೂ ಒಯ್ಯಬಹುದು. ಕುಡಿಯದವರು ಊದಿ ಹೊರಡುವುದೇ ವಾಸಿ.

ಕೀ ವಿಷಯದಲ್ಲಿ ನಿಮ್ಮ ಅನುಮಾನ ಸರಿ. ಕೀ ಕೀಳುವ ಅಧಿಕಾರವನ್ನು ಕಾಯ್ದೆ ಎಲ್ಲೂ ಕೊಟ್ಟಿಲ್ಲ. 2025ರಲ್ಲಿ ಮಂಡ್ಯದಲ್ಲಿ ಹೆಲ್ಮೆಟ್ ತಪಾಸಣೆಗೆ ಬೈಕ್ ತಡೆದಾಗ ಕೆಳಗೆ ಬಿದ್ದು ಪುಟ್ಟ ಮಗು ತೀರಿಕೊಂಡಿತು. ಆಸ್ಪತ್ರೆಗೆ ಹೊರಟಿದ್ದ ಮಗು ಅದು. ಆಮೇಲೆ ರಾಜ್ಯದ ಪೊಲೀಸ್ ಮುಖ್ಯಸ್ಥರೇ ಕೀ ಕೀಳಬೇಡಿ, ಓಡುವ ಗಾಡಿಗೆ ಅಡ್ಡ ಹಾರಬೇಡಿ ಎಂದು ಸೂಚನೆ ಕೊಟ್ಟರು.

ಇನ್ನು ದುಡ್ಡು. ಹೆಲ್ಮೆಟ್ ಇಲ್ಲದ್ದಕ್ಕೆ ಸ್ಥಳದಲ್ಲೇ ದಂಡ ಕಟ್ಟಿ ರಶೀದಿ ಪಡೆಯಬಹುದು. ಕುಡಿದು ಓಡಿಸಿದ ಕೇಸು ಹಾಗೆ ಮುಗಿಯುವುದಿಲ್ಲ, ಕೋರ್ಟಿಗೆ ಹೋಗಲೇಬೇಕು. ಮೊದಲ ಸಲಕ್ಕೆ 10,000 ರೂಪಾಯಿ ದಂಡ, 6 ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಹಾಗಾಗಿ ಈ ಕೇಸಿನಲ್ಲಿ ಯಾರಾದರೂ ‘ಇಲ್ಲೇ ಇಷ್ಟು ಕೊಡಿ, ಬಿಡ್ತೇವೆ’ ಅಂದರೆ ಅದು ಲಂಚ. ಕೊಡಬೇಡಿ, ಲೋಕಾಯುಕ್ತಕ್ಕೆ ದೂರು ಕೊಡಿ.

ತಿರುವಿನ ಮರೆಯಲ್ಲಿ ನಿಂತು ದಂಡ ಹಾಕುವುದನ್ನು ನಾನು ಒಪ್ಪುವುದಿಲ್ಲ. ಎದುರಿಗೆ ಕಾಣುವಂತೆ ನಿಂತರೆ ಜನ ತಾವಾಗಿ ನಿಧಾನಿಸುತ್ತಾರೆ. ಆದರೆ ರಾತ್ರಿಯ ತಪಾಸಣೆ ಬೇಕೇ ಬೇಕು. ಮೆಹಂದಿ ಮನೆಗಳಲ್ಲಿ ಬಾಟಲಿ ಎಷ್ಟು ಖಾಲಿಯಾಗುತ್ತದೆ, ಅಲ್ಲಿಂದ ಎಷ್ಟು ಹುಡುಗರು ಹೆದ್ದಾರಿ 66ಕ್ಕೆ ಇಳಿಯುತ್ತಾರೆ ಎಂಬುದು ನಮಗೆಲ್ಲ ಗೊತ್ತು.

ಇನ್ನೊಬ್ಬರ ಪ್ರಶ್ನೆ, ಉಡುಪಿಯಿಂದ: ಸರ್, ನಮ್ಮ ತಂದೆ ರಾತ್ರಿ ಊಟವಾದ ಮೇಲೆ ದಶಮೂಲಾರಿಷ್ಟ ಎಂಬ ಆಯುರ್ವೇದ ಔಷಧಿ ಕುಡಿಯುತ್ತಾರೆ. ಆಮೇಲೆ ಸ್ಕೂಟರ್ ತೆಗೆದರೆ ಸಿಕ್ಕಿಬೀಳುತ್ತಾರಾ?

ಉತ್ತರ: ಮಿತಿ ಇರುವುದು 100 ಮಿಲಿ ರಕ್ತಕ್ಕೆ 30 ಮಿಲಿಗ್ರಾಂ. ಅರಿಷ್ಟದಲ್ಲೂ ಆಲ್ಕೋಹಾಲ್ ಇರುತ್ತದೆ. ಆಗಷ್ಟೇ ಕುಡಿದಿದ್ದರೆ ಬಾಯಲ್ಲಿ ಉಳಿದದ್ದೇ ಮೆಷಿನ್‌ನಲ್ಲಿ ಜಾಸ್ತಿ ತೋರಿಸಬಹುದು. ಸುಮ್ನೆ ಹೆದರಬೇಡಿ. ನೀರು ಮುಕ್ಕಳಿಸಿ, ಕಾಲು ಗಂಟೆ ಬಿಟ್ಟು, ಹೊಸ ಸ್ಟ್ರಾದಲ್ಲಿ ಮತ್ತೆ ಊದಿಸಿ ಎಂದು ವಿನಯವಾಗಿ ಕೇಳಲಿ. ಆಗಲೂ ಒಪ್ಪದೆ ಬಂಧಿಸಿದರೆ ಎರಡು ಗಂಟೆಯೊಳಗೆ ವೈದ್ಯರ ಪರೀಕ್ಷೆ ಆಗಲೇಬೇಕು. ಆಗದಿದ್ದರೆ ಬಿಡಬೇಕು, ಅದು 202ನೇ ಸೆಕ್ಷನ್.