ಅಡಿಕೆ ತೋಟದ ಕೇಸು: ತಜ್ಞರ ಪತ್ರ ಸಾಕಾ?

ತೀರ್ಥಹಳ್ಳಿ ಕೃಷಿಕ:
ಕೆಳಗಿನ ತೋಟದವರು ಬಸಿಗಾಲುವೆ ಮುಚ್ಚಿ ಜೀಪಿನ ದಾರಿ ಮಾಡಿದರು. ನಮ್ಮ ಕಪ್ಪಿನ (ಮರದ ಸಾಲುಗಳ ನಡುವಿನ ಕಾಲುವೆಯ) ನೀರು ಹೋಗಲು ಜಾಗವೇ ಇಲ್ಲ. ಎರಡು ಮಳೆಗಾಲ ನೀರು ನಿಂತು 140 ಮರ ಹಳದಿಯಾದವು. ಎಲ್ಲ ಅಪ್ಪ ನೆಟ್ಟವು. ಪರಿಹಾರಕ್ಕೆ ದಾವೆ ಹಾಕಿದ್ದೇನೆ. ಅವರು ಅದು ಹಳದಿ ಎಲೆ ರೋಗ, ನೀರಿಂದಲ್ಲ ಅಂತಾರೆ. ನಿವೃತ್ತ ತೋಟಗಾರಿಕೆ ಅಧಿಕಾರಿಯೊಬ್ಬರು ನೀರು ನಿಂತು ಬೇರು ಕೊಳೆತಿದೆ ಎಂದು ಪತ್ರ ಬರೆದುಕೊಟ್ಟಿದ್ದಾರೆ. ಕೋರ್ಟಿಗೆ ಇದು ಸಾಕಾ?

ಸಾಗರದ ವಕೀಲೆ:
ಬರೀ ಪತ್ರದಿಂದ ಆಗುವುದಿಲ್ಲ. ಬರೆದವರು ಸಾಕ್ಷಿ ಕಟ್ಟೆ ಹತ್ತಬೇಕು, ಪಾಟಿ ಸವಾಲಿಗೆ ಉತ್ತರ ಕೊಡಬೇಕು. ತಜ್ಞರ ಅಭಿಪ್ರಾಯದ ಕಲಂ ಹಳೇ ಸಾಕ್ಷ್ಯ ಕಾಯ್ದೆಯಲ್ಲಿ 45. 2024ರ ಜುಲೈ 1ರಿಂದ ಬಂದ ಹೊಸ ಅಧಿನಿಯಮದಲ್ಲಿ 39. ತಿರುಳು ಒಂದೇ.

ಹಿಮಾಚಲದ ಒಂದು ಕೇಸು ನಿಮಗೆ ಹತ್ತಿರವಿದೆ. 1983ರಲ್ಲಿ ಅಲ್ಲಿನ ಸೇಬಿಗೆ ಸ್ಕ್ಯಾಬ್ ಎಂಬ ಕಜ್ಜಿಯಂಥ ರೋಗ ಬಂತು, ಸರ್ಕಾರ ಕೆಟ್ಟ ಹಣ್ಣು ಕೊಂಡಿತು. ಬೆಳೆದಿದ್ದಕ್ಕಿಂತ ಜಾಸ್ತಿ ಹಣ್ಣು ತೋರಿಸಿದರು ಎಂದು ಬೆಳೆಗಾರರ ಮೇಲೆ ಕೇಸಾಯಿತು. ತೋಟ ಎಷ್ಟು ಫಸಲು ಕೊಡುತ್ತದೆ ಎಂದು ಹೇಳಲು ಬಂದವರು ತೋಟಗಾರಿಕೆ ಅಧಿಕಾರಿಯೇ. ಆದರೂ 1999ರಲ್ಲಿ ಸುಪ್ರೀಂ ಕೋರ್ಟ್ ಅವರನ್ನು ತಜ್ಞರೆಂದು ಒಪ್ಪಲಿಲ್ಲ. ಆ ವಿಷಯದಲ್ಲೇ ವಿಶೇಷ ಅಧ್ಯಯನ ಅಥವಾ ಅನುಭವ ಬೇಕು ಎಂದಿತು. ಹುದ್ದೆ ನೋಡಿ ಯಾರೂ ನಂಬುವುದಿಲ್ಲ ಸರ್. ಯಾಕೆ ಹಾಗನ್ನಿಸಿತು, ಏನು ನೋಡಿದರು, ಅದನ್ನು ನ್ಯಾಯಾಧೀಶರಿಗೆ ಬಿಡಿಸಿ ಹೇಳಬೇಕು. ನಿಮ್ಮವರು ಬೇರು ಅಗೆದು ನೋಡಿದ್ದಾರಾ? ಹಳದಿ ಎಲೆ ರೋಗವಾದರೆ ಅದನ್ನು ತರುವ ಫೈಟೋಪ್ಲಾಸ್ಮಾ ಎಂಬ ರೋಗಾಣು ಇದೆಯಾ ಎಂದು ಲ್ಯಾಬಿನಲ್ಲಿ ಹುಡುಕಿಸಬಹುದು.

ಸಿವಿಲ್ ಪ್ರಕ್ರಿಯಾ ಸಂಹಿತೆಯ 26ನೇ ಆದೇಶದ 9ನೇ ನಿಯಮದಲ್ಲಿ ಸ್ಥಳ ತನಿಖೆಗೆ, 10ಎ ನಿಯಮದಲ್ಲಿ ವೈಜ್ಞಾನಿಕ ತನಿಖೆಗೆ ಕಮಿಷನರ್, ಅಂದರೆ ಕೋರ್ಟೇ ನೇಮಿಸುವ ತನಿಖೆಗಾರರನ್ನು ಕೇಳಬಹುದು. ಇಬ್ಬರೂ ಬೇಕು ಅನ್ನಿಸುತ್ತೆ. ಒಣಗಿದ ಮರ ಕಡಿಸಬೇಡಿ, ದಯವಿಟ್ಟು, ಅವೇ ಸಾಕ್ಷಿ.

ಹೊಸನಗರ ಬೆಳೆಗಾರ:
ನಮ್ಮ ಕೇಸಿನಲ್ಲಿ ಕಮಿಷನರ್ ಆಗಿ ಬಂದವರು ಯುವ ವಕೀಲರು. ಬುಡ ಎಣಿಸಿದರು, ನಕ್ಷೆ ಬರೆದರು. ಮರ ಯಾಕೆ ಸತ್ತಿತು ಅಂತ ಅವರಿಗೆ ಹೇಗೆ ಗೊತ್ತಾಗಬೇಕು? ಇರುವಕ್ಕಿಯ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯದ ರೋಗಶಾಸ್ತ್ರದವರೇ ಬೇಕು ಎಂದು ಅರ್ಜಿಯಲ್ಲೇ ಕೇಳಿ.

ತೀರ್ಥಹಳ್ಳಿ ಕೃಷಿಕ:
ಇಲ್ಲ ಮೇಡಂ, ಪತ್ರ ಕೊಟ್ಟ ಅಧಿಕಾರಿ ತೋಟ ಸುತ್ತಿದರು, ಬೇರು ಅಗೆಯಲಿಲ್ಲ. ಇನ್ನೂ 30 ಮರ ನಿಂತಿವೆ. ಕಡಿಯಲು ನಾಳೆ ಆಳು ಬರುವವರಿದ್ದರು, ಈಗಷ್ಟೇ ಫೋನ್ ಮಾಡಿ ಬೇಡ ಎಂದೆ.