ಸಹಾಯ ಬೇಕು: ದೀಪಾವಳಿಗೆ ಅಪ್ಪ ಅವ್ವನಿಗೆ ಉಡುಗೊರೆ, ಕೈಯಲ್ಲಿರುವುದು 1,500 ರೂಪಾಯಿ

ಎಲ್ಲರಿಗೂ ನಮಸ್ಕಾರ. ಹಬ್ಬಕ್ಕೆ ಊರಿಗೆ ಹೊರಟಿದ್ದೇನೆ, ಹಾವೇರಿ ಹತ್ತಿರದ ಹಳ್ಳಿ. ಬಾಡಿಗೆ, ತಮ್ಮನ ಫೀಸು, ಬಸ್ ಚಾರ್ಜು ಎಲ್ಲ ಕಳೆದು ಉಳಿದಿರುವುದು ಇಷ್ಟೇ.

ಅಪ್ಪನಿಗೆ ಏನೆಂದು ಗೊತ್ತಾಗಿದೆ. ರಾತ್ರಿ ಪಾಳಿ ಕರೆಂಟು ಬಂದಾಗ ಮೋಟರ್ ಹಾಕಲು ಹೊಲಕ್ಕೆ ಹೋಗುತ್ತಾರೆ. ಟಾರ್ಚಿನ ಗುಂಡಿ ಕೆಟ್ಟು ರಬ್ಬರ್ ಬ್ಯಾಂಡ್ ಸುತ್ತಿಕೊಂಡಿದ್ದಾರೆ. ತಲೆಗೆ ಕಟ್ಟುವ ಚಾರ್ಜಿಂಗ್ ಟಾರ್ಚಿಗೆ 600 ತೆಗೆದಿಟ್ಟೆ.

ತಲೆಬಿಸಿ ಆಗಿರುವುದು ಅವ್ವನ ವಿಷಯ. ಹೋದ ವರ್ಷದ ಸೀರೆ ಇನ್ನೂ ಟ್ರಂಕಿನಲ್ಲೇ ಇದೆ. ಇಳಕಲ್ ಕೈಮಗ್ಗದ್ದು ವಿಚಾರಿಸಿದೆ, ಎಟುಕಲಿಲ್ಲ. ಆದರೆ ಅವರ ಮದುವೆ ಫೋಟೋ ಒಂದೇ ಒಂದು ಇದೆ. ಗೋಡೆಯ ತೇವಕ್ಕೆ ಅವ್ವನ ಮುಖ ಅರ್ಧ ಮಾಸಿದೆ. ಆದರೂ ಪ್ರತಿ ಶುಕ್ರವಾರ ಸೆರಗಿನಿಂದ ಒರೆಸುತ್ತಾಳೆ. ನೋಡಿದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಅದನ್ನೇ ಸರಿಮಾಡಿಸೋಣ ಅಂದುಕೊಂಡೆ. ಫೋಟೋ ಗಾಜಿಗೆ ಅಂಟಿಕೊಂಡಿದೆ, ಕಿತ್ತರೆ ಹರಿದೇ ಹೋಗುತ್ತದೆ. ತಮ್ಮ ಮೊಬೈಲಿನಲ್ಲಿ ತೆಗೆದು ಕಳಿಸಿದ, ಬೆಳಕು ಹೊಳೆದು ಏನೂ ಕಾಣಲಿಲ್ಲ. ಸ್ಟುಡಿಯೋದವರು ಮೂಲ ಫೋಟೋನೇ ಬೇಕು ಅಂತಾರೆ.

ಗಾಜಿನ ಸಮೇತ ಸ್ಕ್ಯಾನ್ ಮಾಡಿಸಿ ಸರಿಮಾಡಿಸಿದವರು ಇದ್ದೀರಾ? ಫ್ರೇಮ್ ಸೇರಿ 900ರೊಳಗೆ ಆಗುತ್ತದಾ? ಆಗದಿದ್ದರೆ, ಅವ್ವ ಎತ್ತಿಡದೆ ದಿನಾ ಬಳಸುವಂಥದ್ದು ಏನು ಒಯ್ಯಲಿ?